ಹಳೇ ಜೀಪಿನ ಗೇರ್‌ಬಾಕ್ಸ್ ರಿಪೇರಿಗೆ ಕೊಡುವವರು ಇದನ್ನು ಓದಿ ಆಮೇಲೆ ಕೊಡಿ

ನೇರವಾಗಿ ಹೇಳಿಬಿಡುತ್ತೇನೆ. ಘಟ್ಟದ ಕೆಳಗೆ, ಹೆದ್ದಾರಿ ಪಕ್ಕದಲ್ಲಿ, ಹಳೇ ಜೀಪಿನ ಕೆಲಸಕ್ಕೆ ಅಂತಲೇ ಹೆಸರು ಮಾಡಿಕೊಂಡಿರುವ ಒಂದು ಗ್ಯಾರೇಜಿದೆ. ಅಲ್ಲಿ ನನ್ನ ಜೀಪಿನ ಗೇರ್‌ಬಾಕ್ಸ್ ಬಿಚ್ಚಿ ಹೊಸದಾಗಿ ಕೂರಿಸಲು ಕೊಟ್ಟೆ. ವಾಪಸ್ ಬಂದಿದ್ದು ನನ್ನ ಗೇರ್‌ಬಾಕ್ಸ್ ಅಲ್ಲ. ರಿಪೇರಿ ಸರಿ ಆಗಿಲ್ಲ ಅನ್ನುವುದು ಬೇರೆ ಮಾತು, ಡಬ್ಬವೇ ನನ್ನದಲ್ಲ! 38,000 ರೂಪಾಯಿ ಎಣಿಸಿ ಕೊಟ್ಟು ಯಾರದೋ ಗುಜರಿಯನ್ನು ಮನೆಗೆ ತಂದಿದ್ದೇನೆ. ದೂರು ಕೊಡುವ ತಯಾರಿಯಲ್ಲಿರುವುದರಿಂದ ಹೆಸರು ಹಾಕುತ್ತಿಲ್ಲ. ಶಿರಸಿ, ಕುಮಟಾ, ಅಂಕೋಲಾ ಕಡೆ ಹಳೇ ಜೀಪು ಇಟ್ಟುಕೊಂಡವರಿಗೆ ಇಷ್ಟು ಹೇಳಿದರೆ ಅರ್ಥ ಆಗಬಹುದು.

ಗಾಡಿ ಅಪ್ಪನ ಕಾಲದ್ದು. ಮಹೀಂದ್ರಾ ಸಿಜೆ-3ಬಿ, ಎತ್ತರದ ಬಾನೆಟ್ಟಿನದು, ಪೆಟ್ರೋಲ್ ಎಂಜಿನ್. ಅಮೆರಿಕದಲ್ಲಿ ವಿಲ್ಲೀಸ್‌ನವರು 1953ರಲ್ಲಿ ಶುರು ಮಾಡಿದ, ಅಲ್ಲಿ 1968ಕ್ಕೆ ನಿಂತುಹೋದ ಮಾದರಿ ಇದು, ನಮ್ಮಲ್ಲಿ ಆಮೇಲೂ ಎಷ್ಟೋ ವರ್ಷ ತಯಾರಾಯಿತು. ಒಳಗಿರುವುದು ಮೂರು ಗೇರಿನ ಟಿ-90 ಡಬ್ಬ. ಓಡಿಸಿದವರಿಗೆ ಗೊತ್ತು, ಒಂದನೇ ಗೇರಿಗೆ ಸಿಂಕ್ರೊ, ಅಂದರೆ ಗೇರ್ ಹಾಕುವಾಗ ಒಳಗಿನ ವೇಗ ಸರಿಹೊಂದಿಸುವ ವ್ಯವಸ್ಥೆ, ಇಲ್ಲ. ಗಾಡಿ ಪೂರ್ತಿ ನಿಂತ ಮೇಲೆ ಹಾಕಬೇಕು, ಇಲ್ಲ ಡಬಲ್ ಕ್ಲಚ್ ಮಾಡಬೇಕು, ನ್ಯೂಟ್ರಲ್‌ನಲ್ಲಿ ಒಮ್ಮೆ ಕ್ಲಚ್ ಬಿಟ್ಟು ಮತ್ತೆ ಒತ್ತಬೇಕು. ಎರಡಕ್ಕೂ ಮೂರಕ್ಕೂ ಮಾತ್ರ ಹಿತ್ತಾಳೆಯ ಸಿಂಕ್ರೊ ರಿಂಗ್. ಅಂದರೆ ಇಡೀ ಡಬ್ಬದಲ್ಲಿ ಇರುವುದು ಎರಡೇ ರಿಂಗ್. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತೊಂದರೆ ಏನಿತ್ತು ಅಂದರೆ ಇಳಿಜಾರಿನಲ್ಲಿ ಎರಡನೇ ಗೇರ್ ಜಿಗಿಯುತ್ತಿತ್ತು. ದೇವಿಮನೆ ಘಟ್ಟ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಸಾಕು, ಲಿವರ್ ತಾನಾಗಿ ನ್ಯೂಟ್ರಲ್‌ಗೆ ಬಂದು ಬೀಳುತ್ತಿತ್ತು. ಎಂಜಿನ್ನಿನ ಹಿಡಿತ ಹೋಯಿತು, ಉಳಿದಿದ್ದು ಡ್ರಮ್ ಬ್ರೇಕ್ ಮಾತ್ರ, ಮುಂದೆ ತಿರುವು. ಎಡಗೈಯಲ್ಲಿ ಲಿವರ್ ಒತ್ತಿ ಹಿಡಿದುಕೊಂಡೇ ಇಳಿಯಬೇಕು. ಸಿಂಕ್ರೊ ಸ್ಲೀವಿನ ಹಲ್ಲು ಸವೆದರೂ ಹೀಗಾಗುತ್ತದೆ, ಥ್ರಸ್ಟ್ ವಾಷರ್ ತೆಳುವಾಗಿ ಗೇರು ಹಿಂದೆ ಮುಂದೆ ಆಡಿದರೂ ಆಗುತ್ತದೆ, ಮೇನ್ ಶಾಫ್ಟಿನ ಹಿಂದಿನ ಬೇರಿಂಗ್ ಸಡಿಲವಾದರೂ ಆಗುತ್ತದೆ. ಬಿಚ್ಚದೇ ಹೇಳಲು ಬರುವುದಿಲ್ಲ. ಆ ಮೇಸ್ತ್ರಿ ಮಾತ್ರ ಗಾಡಿ ಒಂದು ಸುತ್ತು ಓಡಿಸಿ ಅಲ್ಲೇ ಹೇಳಿದ: "ಎಲ್ಲಾ ಹೋಗಿದೆ ಹೆಗಡೇರೆ. ಫುಲ್ ಕಿಟ್ ಹಾಕ್ಬೇಕು. ರಿಂಗ್, ಬೇರಿಂಗ್, ಲೇ ಶಾಫ್ಟಿನ ರೋಲರ್, ವಾಷರ್, ಸೀಲ್, ಪ್ಯಾಕಿಂಗ್ ಎಲ್ಲ. ದಿಲ್ಲಿ ಕಾಶ್ಮೀರಿ ಗೇಟಿಂದ ತರಿಸ್ತೇನೆ, ಲೋಕಲ್ ಮಾಲು ನಾನು ಮುಟ್ಟೂದಿಲ್ಲ."

20,000 ಅಡ್ವಾನ್ಸ್. ರಸೀದಿ ಕೇಳಿದ್ದಕ್ಕೆ ನಕ್ಕ. "ಬಿಲ್ಲು ಎಂತಕ್ಕೆ ಮಾರಾಯ್ರೆ, ನಾನೇ ಬಿಲ್ಲು!" ಸುತ್ತ ಕೂತವರೂ ನಕ್ಕರು. ಎಲ್ಲಾ ಗ್ಯಾರೇಜಲ್ಲೂ ಹೀಗೇ ಅಲ್ವಾ, ಯಾರು ಬಿಲ್ ಕೊಡುತ್ತಾರೆ?

ಆಮೇಲೆ ಶುರುವಾಯಿತು. ಕಿಟ್ ಬಂತಾ ಅಂದರೆ "ಹುಬ್ಬಳ್ಳಿಗೆ ಬಂದಿದೆ, ಪಾರ್ಸಲ್ಲಿನವರು ಕೊಡ್ತಾ ಇಲ್ಲ". ಮತ್ತೆ ಕೇಳಿದರೆ "ಮಳೆ ಅಲ್ವಾ, ಹುಡುಗ್ರು ಬರ್ಲಿಲ್ಲ". ಡಬ್ಬ ಬಿಚ್ಚುವಾಗ ನಾನು ಇರಬೇಕು, ಒಂದು ಫೋನ್ ಮಾಡು ಅಂತ ಮೊದಲೇ ಹೇಳಿದ್ದೆ. ಮಾಡಲಿಲ್ಲ. "ಬಿಚ್ಚಿ ಆಯ್ತು ಹೆಗಡೇರೆ, ನೀವು ಬಂದು ನೋಡೂದೆಂತ ಉಂಟು, ಫೋಟೋ ಕಳಿಸ್ತೇನೆ" ಅಂದ. ಕಳಿಸಿದ. ತೊಳೆದು ಬಟ್ಟೆ ಮೇಲೆ ಸಾಲಾಗಿ ಜೋಡಿಸಿದ ಪಾರ್ಟುಗಳು, ಪಕ್ಕದಲ್ಲಿ ಫಳಫಳ ಹೊಳೆಯುವ ಹೊಸ ರಿಂಗು. ನಾಲ್ಕಾರು ಜನರಿಗೆ ತೋರಿಸಿದೆ ಅದನ್ನು. ಈಗ ನೆನೆಸಿದರೆ ಮೈ ಉರಿಯುತ್ತದೆ. ಆ ಫೋಟೋ ಯಾರ ಗಾಡಿಯದೋ ಏನೋ.

ಗಾಡಿ ತರಲು ಹೋದಾಗ ಡಬ್ಬಕ್ಕೆ ಸಿಲ್ವರ್ ಪೇಂಟ್ ಹೊಡೆದಿದ್ದ. ಚೆಂದ ಕಾಣುತ್ತಿತ್ತು, ಸುಳ್ಳು ಯಾಕೆ ಹೇಳಲಿ. ತೆಗೆದ ಹಳೇ ಪಾರ್ಟ್ ಕೊಡು ಅಂದಿದ್ದಕ್ಕೆ ಗ್ರೀಸು ಮೆತ್ತಿದ ಪ್ಲಾಸ್ಟಿಕ್ ಚೀಲ ಕೊಟ್ಟ. "ನೋಡಿ, ನಿಮ್ಮ ರಿಂಗಿನ ಅವಸ್ಥೆ ನೋಡಿ" ಅಂತ ಒಂದನ್ನು ಎತ್ತಿ ತೋರಿಸಿದ. ಬಾಕಿ 18,000 ಕೊಟ್ಟು ಹೊರಟೆ.

ಘಟ್ಟ ಹತ್ತುವಾಗಲೇ ಒಂದರಲ್ಲೂ ಎರಡರಲ್ಲೂ ಕುಂಯ್ ಅಂತ ಸದ್ದು, ಮೂರಕ್ಕೆ ಹಾಕಿದರೆ ಕಡಿಮೆ. ಮೂರರಲ್ಲಿ ಡ್ರೈವ್ ನೇರ ಹೋಗುತ್ತದೆ, ಕೆಳಗಿನ ಲೇ ಶಾಫ್ಟಿನ ಗೇರಿನ ಮೇಲೆ ಭಾರ ಬೀಳುವುದಿಲ್ಲ, ಅದಕ್ಕೆ ಹಾಗೆ. ಅಂದರೆ ಲೇ ಶಾಫ್ಟಿನ ರೋಲರ್ ಹೊಸದು ಹಾಕಿದ್ದೇ ಸುಳ್ಳಿರಬೇಕು. ಫೋನ್ ಮಾಡಿದೆ. "ಹೊಸ ಗೇರಲ್ವಾ, ಸೆಟ್ ಆಗ್ಬೇಕು. ಸಾವಿರ ಕಿಲೋಮೀಟರ್ ಓಡ್ಲಿ." ಆಮೇಲೆ ಹ್ಯಾಂಡ್‌ಬ್ರೇಕ್ ನಿಲ್ಲುವುದಿಲ್ಲ ಅಂತಾಯಿತು. ಈ ಜೀಪಿನಲ್ಲಿ ಹ್ಯಾಂಡ್‌ಬ್ರೇಕಿನ ಡ್ರಮ್ ಇರುವುದು ಟ್ರಾನ್ಸ್‌ಫರ್ ಕೇಸಿನ, ಅಂದರೆ ಮುಂದಿನ ಹಿಂದಿನ ಚಕ್ರಗಳಿಗೆ ಡ್ರೈವ್ ಹಂಚುವ ಡಬ್ಬದ, ಹಿಂದೆ. ಅಲ್ಲಿನ ಸೀಲ್ ಸೋರಿದರೆ ಎಣ್ಣೆಯೆಲ್ಲ ಬ್ರೇಕ್ ಶೂಗೆ. ನೋಡಿದರೆ ತೊಟ್ಟಿಕ್ಕುತ್ತಾ ಇದೆ. ಹೊಸ ಸೀಲ್ ಅಂತ ದುಡ್ಡು ತಗೊಂಡಿದ್ದಾನೆ! ಅದಕ್ಕೆ ಉತ್ತರ: "ಹಳೇ ಜೀಪು ಸೋರ್ಲಿಲ್ಲ ಅಂದ್ರೆ ಎಣ್ಣೆ ಇಲ್ಲ ಅಂತ ಅರ್ಥ ಹೆಗಡೇರೆ." ಮತ್ತೆ ನಗು. ಆ ನಗು ಇನ್ನೂ ಕಿವಿಯಲ್ಲಿದೆ.

ಎರಡನೇ ಗೇರ್ ಮತ್ತೆ ಜಿಗಿಯಲು ಶುರುವಾದ ಮೇಲೆ ಶಿರಸಿಯಲ್ಲೇ ಒಬ್ಬ ಹಿರಿಯ ಮೇಸ್ತ್ರಿ ಹತ್ತಿರ ಒಯ್ದೆ. ಅವರು ಮೊದಲು ಡ್ರೈನ್ ಬೋಲ್ಟ್ ತೆಗೆದರು. ಬಂದಿದ್ದು ಡಾಂಬರಿನಂಥ ದಪ್ಪ ಎಣ್ಣೆ. 140 ನಂಬರಿಂದು, ಸದ್ದು ಮುಚ್ಚಲು ಹಾಕುವ ಉಪಾಯ ಅಂದರು. ಈ ಡಬ್ಬಕ್ಕೆ 90 ನಂಬರಿನ ಎಣ್ಣೆ ಸಾಕು, ಅದೂ ಜಿಎಲ್-4 ದರ್ಜೆಯದು. ಜಿಎಲ್-5ರಲ್ಲಿ ಇರುವ ಗಂಧಕದ ಮಸಾಲೆ ಹಿತ್ತಾಳೆ ರಿಂಗನ್ನು ತಿನ್ನುತ್ತದೆ. ಎಣ್ಣೆಯನ್ನು ಬಿಸಿಲಿಗೆ ಹಿಡಿದರೆ ಬಂಗಾರದ ಪುಡಿ ಉದುರಿಸಿದ ಹಾಗೆ ಮಿನುಗು. ಮ್ಯಾಗ್ನೆಟ್‌ಗೆ ಅಂಟಲಿಲ್ಲ. ಹಿತ್ತಾಳೆ. ಮೊನ್ನೆ ಮೊನ್ನೆ ಹಾಕಿದ ಹೊಸ ರಿಂಗ್ ಇಷ್ಟು ಬೇಗ ಪುಡಿಯಾಗುತ್ತದಾ?

ಮೇಲಿನ ಕವರ್ ಬಿಚ್ಚಿ ಟಾರ್ಚ್ ಬಿಟ್ಟರು. ರಿಂಗಿನ ಹಲ್ಲಿನ ತುದಿ ಉರುಟಾಗಿತ್ತು. ರಿಂಗಿಗೂ ಗೇರಿಗೂ ನಡುವೆ ಸಣ್ಣ ಸಂದು ಇರಬೇಕು, ಸಂದು ಅಳೆಯುವ ಫೀಲರ್ ಗೇಜಿನ ತೆಳು ಪಟ್ಟಿ ಕೂಡ ತೂರಲಿಲ್ಲ, ಅಂದರೆ ರಿಂಗ್ ಸವೆದುಹೋಗಿದೆ. ಆಮೇಲೆ ನಾನು ಆ ಪ್ಲಾಸ್ಟಿಕ್ ಚೀಲ ಕೊಟ್ಟೆ. ಅವರು ಒಂದೊಂದೇ ತೆಗೆದು ಬೆಂಚಿನ ಮೇಲೆ ಇಟ್ಟರು. ಒಂದು ರಿಂಗ್. ಎರಡು. ಮೂರು. ನಾಲ್ಕು. ನನ್ನ ಮುಖ ನೋಡಿದರು. "ಇದು ನಾಲ್ಕು ಗೇರಿನ ಡಬ್ಬದ್ದು ಹೆಗಡೇರೆ. ನಿಮ್ಮದರಲ್ಲಿ ಇರೂದೇ ಎರಡು." ಅಲ್ಲಿದ್ದ ಹುಡುಗ ಆಚೆ ತಿರುಗಿ ನಗುತ್ತಿದ್ದ. ನೆಲ ಬಾಯಿ ಬಿಡಬಾರದಾ ಅನ್ನಿಸಿತು.

ಅಲ್ಲಿಗೂ ಮುಗಿಯಲಿಲ್ಲ. ಅಪ್ಪನ ಕಾಲದಲ್ಲಿ ಒಮ್ಮೆ ಡಬ್ಬ ಇಳಿಸುವಾಗ ಜ್ಯಾಕ್ ಜಾರಿ, ಬಿದ್ದು, ಎಡಗಡೆ ಕೆಳಮೂಲೆಯಲ್ಲಿ ಬಿರುಕು ಬಿಟ್ಟಿತ್ತು. ಹಿತ್ತಾಳೆ ವೆಲ್ಡಿಂಗ್ ಮಾಡಿಸಿದ್ದರು, ಹೆಬ್ಬೆರಳು ಅಗಲದ ತೇಪೆ. ಅದು ತಟ್ಟನೆ ನೆನಪಾಯಿತು. ಗಾಡಿ ಕೆಳಗೆ ಮಲಗಿ ಸ್ಕ್ರೂಡ್ರೈವರಿನಿಂದ ಸಿಲ್ವರ್ ಪೇಂಟ್ ಕೆರೆದೆ. ಕೆರೆದಷ್ಟೂ ಬರೀ ಬೀಡುಕಬ್ಬಿಣ. ಇನ್ನೂ ಮೇಲೆ ಕೆರೆದೆ, ಪಕ್ಕಕ್ಕೆ ಕೆರೆದೆ, ಕಣ್ಣಿಗೆಲ್ಲ ಪುಡಿ ಬಿತ್ತು. ಹಿತ್ತಾಳೆ ಇಲ್ಲ. ತೇಪೆ ಇಲ್ಲ. ಶೆಲ್ಲೇ, ಅಂದರೆ ಡಬ್ಬದ ಹೊರಕವಚವೇ, ನನ್ನದಲ್ಲ.

ಅಲ್ಲಿಂದಲೇ ಫೋನ್ ಮಾಡಿದೆ. ಮೊದಲು "ನಿಮ್ಮದೇ ಅದು, ನಿಮಗೆ ತಲೆ ಸರಿ ಇಲ್ಲ". ತೇಪೆಯ ವಿಷಯ ಹೇಳಿದ ಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಹಾಂ, ಬಿರುಕಿತ್ತಲ್ಲ, ಅದಕ್ಕೇ ಬದಲಾಯಿಸಿದ್ದು. ನಿಮಗೆ ಹೇಳಿ ಸುಮ್ನೆ ಟೆನ್ಷನ್ ಎಂತಕ್ಕೆ ಅಂತ ಹೇಳ್ಲಿಲ್ಲ". ಹಾಗಾದರೆ ನನ್ನದು ಎಲ್ಲಿ? "ಗುಜರಿಗೆ ಹೋಯ್ತು." ಒಳಗಿನ ಗೇರು? "ಅದೂ ಹೋಯ್ತು." ಗುಜರಿಯವನು ಯಾರು? "ನಂಗೆ ಬೇರೆ ಕೆಲ್ಸ ಇಲ್ವಾ ಹೆಗಡೇರೆ?" ಫೋನ್ ಇಟ್ಟ. ಆಮೇಲೆ ಒಂದು ಮೆಸೇಜು: "ಬೇಕಾದ್ರೆ ಗಾಡಿ ತನ್ನಿ, ಇನ್ನೊಂದು 12 ಸಾವಿರ ಕೊಟ್ರೆ ಒರಿಜಿನಲ್ ಹಾಕಿ ಕೊಡ್ತೇನೆ." ಓದಿದಿರಾ? ಒರಿಜಿನಲ್ ಹಾಕಿ ಕೊಡುತ್ತಾನಂತೆ. ಹಾಗಾದರೆ ಮೊದಲು ಹಾಕಿದ್ದು ಏನು? ಇದರ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದೇನೆ.

ಈಗ ಹಳೇ ಜೀಪಿನ ಹುಚ್ಚು ಜಾಸ್ತಿ. ಬೆಂಗಳೂರು, ಗೋವಾ ಕಡೆಯವರು ಹಳೇ ಪಾರ್ಟುಗಳನ್ನು ಕೇಳಿದ ರೇಟಿಗೆ ಒಯ್ಯುತ್ತಾರೆ. ನಮ್ಮ ತೋಟದ ಜೀಪುಗಳಿಂದ ಒಳ್ಳೇ ಗೇರು ತೆಗೆದು ಅಲ್ಲಿ ಮಾರಿ, ನಮಗೆ ಸವೆದದ್ದನ್ನು ಪೇಂಟ್ ಹೊಡೆದು ಕೂರಿಸಿದರೆ ಎರಡು ಕಡೆ ಲಾಭ. ನನ್ನೊಬ್ಬನಿಗೇ ಮಾಡಿರುತ್ತಾನೆ ಅಂತ ನನಗೆ ಅನ್ನಿಸುವುದಿಲ್ಲ. ಯಾರೂ ಹೊರಗೆ ಹೇಳುವುದಿಲ್ಲ, ಅಷ್ಟೇ.

ನೀವು ಕೊಡುವಾಗ ಶೆಲ್ಲಿಗೆ ಪಂಚ್‌ನಿಂದ ಗುರುತು ಹೊಡೆದು, ಫೋಟೋ ತೆಗೆದು ಕೊಡಿ. ಬಿಚ್ಚುವಾಗ ಎದುರಿಗೆ ನಿಲ್ಲಿ, ಅವನು ಮುಖ ಗಂಟು ಹಾಕಿದರೂ ಸರಿ. ಹೊಸ ಪೇಂಟ್ ಕಂಡರೆ ಮೊದಲು ಕೆರೆದು ನೋಡಿ ಆಮೇಲೆ ದುಡ್ಡು ಕೊಡಿ. ಬಿಲ್ ಕೇಳಿ. ಕೊಡುವುದಿಲ್ಲ ಅಂದರೆ 2019ರ ಗ್ರಾಹಕ ಕಾಯ್ದೆ ಪ್ರಕಾರ ಅದೇ ಒಂದು ತಪ್ಪು. ಎರಡು ವರ್ಷದೊಳಗೆ ದೂರು ಕೊಡಬಹುದು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಫೀ ಇಲ್ಲ. ನಮ್ಮ ಜಿಲ್ಲೆಯ ಗ್ರಾಹಕ ಆಯೋಗ ಇರುವುದು ಕಾರವಾರದಲ್ಲಿ. ಸಹಾಯವಾಣಿ 1915. ಅವನಿಗೆ ಇದನ್ನೆಲ್ಲ ಹೇಳಿದೆ, "ಹೋಗಿ ಹೋಗಿ, ಕಾರವಾರದ ದಾರಿ ಗೊತ್ತುಂಟಲ್ಲ?" ಅಂದ. ಗೊತ್ತುಂಟು.

ಇನ್ನೊಂದು ಮಾತು. ಯಾರಾದರೂ ಇತ್ತೀಚೆಗೆ ಟಿ-90 ಡಬ್ಬ ಕೊಂಡಿದ್ದರೆ, ಅಥವಾ ಯಾರೋ ಮಾರುತ್ತಿರುವುದು ಕಂಡರೆ, ಎಡಗಡೆ ಕೆಳಮೂಲೆ ನೋಡಿ. ಪೇಂಟ್ ಇದ್ದರೆ ಕೆರೆಯಿರಿ. ಹೆಬ್ಬೆರಳಗಲ ಹಿತ್ತಾಳೆ ಕಂಡರೆ ಒಂದು ಫೋಟೋ ತೆಗೆದು ನನಗೆ ಕಳಿಸಿ. ಕೊಂಡವರ ಮೇಲೆ ನನಗೇನೂ ಸಿಟ್ಟಿಲ್ಲ, ಯಾರ ಕೈಯಿಂದ ಕೊಂಡಿರಿ ಅಂತ ಒಂದು ಸಾಲು ಬರೆದುಕೊಟ್ಟರೆ ಸಾಕು.