ಅರ್ಧ ಕಟ್ಟಿದ ಕಿಟ್ ವಿಮಾನದ ರೆಕ್ಕೆ ಕೊಳ್ಳುವ ಮುನ್ನ

ಬೆಳಗಾವಿಯ ಜುಲೈ ಮಳೆಯಲ್ಲಿ ಅಂಟಿಸಿ ಮುಚ್ಚಿದ ಒಂದು ಫೈಬರ್ ರೆಕ್ಕೆ ಮುಂದಿನ ಏಪ್ರಿಲ್‌ನಲ್ಲಿ ವಿಜಯಪುರದ ತಗಡಿನ ಶೆಡ್ಡಿನಲ್ಲಿ ಬಾಯಿ ಬಿಟ್ಟಿತು. ಬಿಡಿಭಾಗ ತರಿಸಿ ನಾವೇ ಜೋಡಿಸಿಕೊಳ್ಳುವ, ಎರಡು ಸೀಟಿನ ಕಿಟ್ ವಿಮಾನದ್ದು. ‘ಇನ್ನೇನು, ಪೇಂಟ್ ಹೊಡೆದರೆ ಮುಗೀತು’ ಅಂತ ಹೇಳಿ ಮಾರಿದ್ದರು. ನೋಡೋದಕ್ಕೆ ಕನ್ನಡಿಯಂಥ ಕೆಲಸ. ಸ್ಪಾರ್ (ರೆಕ್ಕೆಯ ಉದ್ದಕ್ಕೂ ಒಳಗಿರುವ ತೊಲೆ) ಗುಂಟ ನಾಣ್ಯದಿಂದ ತಟ್ಟುತ್ತ ಹೋದರೆ ಟಣ್ ಟಣ್ ಎನ್ನುತ್ತಿದ್ದದ್ದು ಬುಡದಿಂದ ಒಂದೂವರೆ ಅಡಿ ದಾಟಿದ ಮೇಲೆ ಡಬ್ ಡಬ್ ಅಂತು. ಅಲ್ಲಿ ಸ್ಕಿನ್, ಅಂದರೆ ಮೇಲಿನ ಹೊದಿಕೆ, ಕೊಯ್ದು ಎತ್ತಿದಾಗ ಅಂಟು ಹಪ್ಪಳದ ಹಾಗೆ ಇಡಿಯಾಗಿ ಎದ್ದು ಬಂತು. ಅದರ ತಳ ನುಣ್ಣಗೆ ಹೊಳೆಯುತ್ತಿತ್ತು, ಗ್ಲಾಸ್ ಬಟ್ಟೆಯ ಒಂದು ಎಳೆಯೂ ಅಂಟಿರಲಿಲ್ಲ. ಸರಿಯಾಗಿ ಕೂತ ಅಂಟನ್ನು ಕಿತ್ತರೆ ಅದು ಬಟ್ಟೆಯ ನೂಲನ್ನೂ ಹರಿದುಕೊಂಡೇ ಬರುತ್ತದೆ.

ತಪ್ಪು ಅಂಟಿನದಲ್ಲ. ಥಂಡಿ ಹವೆಯಲ್ಲಿ ಎಪಾಕ್ಸಿ (ರೆಸಿನ್‌ಗೆ ಹಾರ್ಡನರ್ ಕಲಸಿ ಮಾಡುವ ಅಂಟು) ಗಟ್ಟಿಯಾಗುವಾಗ ಹಾರ್ಡನರ್‌ನಲ್ಲಿರುವ ಅಮೈನ್ ಎಂಬ ರಾಸಾಯನಿಕ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮೇಲೆ ಮೇಣದಂಥ ಪೊರೆ ಕಟ್ಟುತ್ತದೆ. ಎಷ್ಟೋ ಸಲ ಕಣ್ಣಿಗೆ ಕಾಣಿಸುವುದೇ ಇಲ್ಲ, ಬೆರಳಿಗೆ ಮಾತ್ರ ಜಿಡ್ಡು. ಇದನ್ನು ತೆಗೆಯೋದು ನೀರು, ಥಿನ್ನರ್ ಅಲ್ಲ. ಉಗುರುಬೆಚ್ಚಗಿನ ನೀರು ಹಾಕಿ, ಪಾತ್ರೆ ತಿಕ್ಕುವ ಹಸಿರು ನಾರಿನಿಂದ ಉಜ್ಜಿ, ಒರೆಸಿ, ಪೂರ್ತಿ ಒಣಗಿದ ಮೇಲೆಯೇ 80ರ ಸ್ಯಾಂಡ್ ಪೇಪರ್. ಮೊದಲೇ ಪೇಪರ್ ಹೊಡೆದರೆ ಜಿಡ್ಡು ಗೀರುಗಳೊಳಗೆ ಇಳಿದು ಕೂರುತ್ತದೆ. ಈ ರೆಕ್ಕೆಯಲ್ಲಿ ಆದದ್ದು ಅದೇ. ಲೇಅಪ್ (ರೆಸಿನ್‌ನಲ್ಲಿ ನೆನೆಸಿ ಹಾಸಿದ ಗ್ಲಾಸ್ ಬಟ್ಟೆಯ ಪದರ) ಮೇಲೆ ಪೀಲ್ ಪ್ಲೈ ಎಂಬ ಅಂಟಿಕೊಳ್ಳದ ಬಟ್ಟೆ ಹಾಸಿ, ಗಟ್ಟಿಯಾದ ಮೇಲೆ ಕಿತ್ತಿದ್ದರೆ ಪೊರೆಯ ಬಹುಪಾಲು ಅದರ ಜೊತೆಗೇ ಹೋಗುತ್ತಿತ್ತು.

ಉಳಿದದ್ದನ್ನು ವಿಜಯಪುರದ ಬಿಸಿಲು ಮಾಡಿತು. ಶೆಡ್ಡಿನ ಶಾಖದಲ್ಲೇ ಗಟ್ಟಿಯಾದ, ಪೋಸ್ಟ್ ಕ್ಯೂರ್ (ಆಮೇಲೆ ಹದವಾಗಿ ಕಾಯಿಸುವುದು) ಕಾಣದ ಎಪಾಕ್ಸಿ ಸುಮಾರು 55–60 ಡಿಗ್ರಿಗೇ ಮೆತ್ತಗಾಗತೊಡಗುತ್ತದೆ. 40 ಡಿಗ್ರಿ ಬಿಸಿಲಿಗೆ ಕಪ್ಪು ಪ್ರೈಮರ್ ಬಳಿದ ಮೈ ಅದನ್ನು ಸುಲಭವಾಗಿ ದಾಟುತ್ತದೆ. ಫೈಬರ್ ವಿಮಾನಗಳಿಗೆ ಬಿಳಿ ಬಣ್ಣ ಬಳಿಯುವುದು ಚಂದಕ್ಕಲ್ಲ. ಎರಡೇ ಸ್ಟ್ಯಾಂಡ್ ಮೇಲೆ ತಿಂಗಳುಗಟ್ಟಲೆ ಮಲಗಿದ್ದ ಈ ರೆಕ್ಕೆ ತಿರುಚಿಯೂ ಇತ್ತು. ಕೊಳ್ಳುವ ಮುಂಚೆ ಬುಡದಲ್ಲೂ ತುದಿಯಲ್ಲೂ ಕಿಟ್ಟಿನ ಟೆಂಪ್ಲೇಟ್ ಇಟ್ಟು ಡಿಜಿಟಲ್ ಲೆವೆಲ್‌ನಿಂದ ಕೋನ ಅಳೆಯಿರಿ, ಎಡ-ಬಲ ಎರಡನ್ನೂ ಹೋಲಿಸಿ. ವ್ಯತ್ಯಾಸವಿದ್ದರೆ ಸ್ಟಾಲ್ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಸ್ಥಿತಿ) ಹತ್ತಿರ ಬಂದಾಗ ಒಂದು ರೆಕ್ಕೆ ಮೊದಲು ಕುಸಿಯುತ್ತದೆ.

ನಾಣ್ಯವನ್ನೂ ಪೂರ್ತಿ ನಂಬಬೇಡಿ. ಅದು ಟೊಳ್ಳನ್ನು ಹಿಡಿಯುತ್ತದೆ. ಜಿಡ್ಡಿನ ಮೇಲೆ ಸುಮ್ಮನೆ ತಾಗಿಕೊಂಡಿರುವ ಅಂಟು ಕೂಡ ಟಣ್ ಎನ್ನಬಹುದು. ಆದ್ದರಿಂದ ರೆಸಿನ್ ಕಲಸಿದ ಕಪ್‌ಗಳನ್ನು ತೋರಿಸಿ ಎಂದು ಕೇಳಿ. ಶಿಸ್ತಿನಿಂದ ಕಟ್ಟಿದವರು ತಕ್ಕಡಿಯಲ್ಲಿ ತೂಗಿ ಕಲಸಿದ ಪ್ರತಿ ರೆಸಿನ್ ಮಿಶ್ರಣದಲ್ಲಿ ಚೂರನ್ನು ಕಪ್‌ನಲ್ಲೇ ಉಳಿಸಿ, ತಾರೀಖು ಮತ್ತು ಯಾವ ಜೋಡಣೆ ಎಂದು ಬರೆದಿಟ್ಟಿರುತ್ತಾರೆ. ಆ ಚೂರಿಗೆ ಉಗುರು ಊರಿದರೆ ಗುರುತು ಬೀಳಬಾರದು. ‘ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಒಂಚೂರು ಜಾಸ್ತಿ ಹಾಕಿದ್ವಿ’ ಎಂಬ ಮಾತು ಬಂದರೆ ಅಲ್ಲೇ ಎದ್ದು ಬನ್ನಿ.

ಟ್ಯಾಂಕು ರೆಕ್ಕೆಯೊಳಗೇ ಇದ್ದರೆ ರೆಸಿನ್ ಯಾವುದೆಂದೂ ಕೇಳಿ. ಬಂಕಿನ ಪೆಟ್ರೋಲಿನ ಶೇ. 20ರಷ್ಟು ಎಥನಾಲ್ ಎಲ್ಲ ಎಪಾಕ್ಸಿಗೂ ಆಗಿಬರುವುದಿಲ್ಲ.

ರೆಸಿನ್ ಕಪ್‌ಗಳೂ ಇಲ್ಲ, ಕೆಲಸ ಬರೆದಿಟ್ಟ ಲಾಗ್ ಪುಸ್ತಕವೂ ಇಲ್ಲ, ಮುಚ್ಚುವ ಮುಂಚಿನ ಒಳಗಿನ ಫೋಟೋನೂ ಇಲ್ಲ ಅಂದರೆ ಎಂಜಿನ್, ಚಕ್ರ, ಮೀಟರುಗಳಿಗಷ್ಟೇ ಬೆಲೆ ಕಟ್ಟಿ. ರೆಕ್ಕೆಗೆ ಸೊನ್ನೆ.