ಪ್ಲೇಟ್ಲೆಟ್ 18 ಸಾವಿರ ಅಂತ ರಿಪೋರ್ಟ್ ಬಂದರೆ, ಓಡೋಕೆ ಮುಂಚೆ ಇದನ್ನು ಓದಿ

ಅಮ್ಮನಿಗೆ ಒಂದು ಬ್ಯಾಗ್ ಪ್ಲೇಟ್ಲೆಟ್ (ರಕ್ತ ಸೋರದಂತೆ ಹೆಪ್ಪುಗಟ್ಟಿಸೋ ಕಣಗಳು) ಸುಮ್ನೆ ಹಾಕಿಸಿದೆವು. ಸುಮ್ನೆ! ಅದು ಬೇಕೇ ಇರಲಿಲ್ಲ.

ಮಳೆಗಾಲ, ಮೂರು ದಿನದ ಜ್ವರ, ಎಲ್ಲರ ಬಾಯಲ್ಲೂ ಡೆಂಗ್ಯೂ, ಗೊತ್ತಲ್ವಾ. ಒಂದೂವರೆ ಲಕ್ಷದ ಮೇಲಿರಬೇಕಾದ ಪ್ಲೇಟ್ಲೆಟ್ 18 ಸಾವಿರ ಅಂತ ಬಂತು. ತಕ್ಷಣ ಅಡ್ಮಿಟ್ ಅಂದರು. ಡೆಂಗ್ಯೂ ಟೆಸ್ಟ್ ನೆಗೆಟಿವ್ ಇತ್ತು, ಅದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ವಸಡಲ್ಲಿ ರಕ್ತ ಇಲ್ಲ, ಮೈಮೇಲೆ ಒಂದು ಕೆಂಪು ಚುಕ್ಕೆ ಇಲ್ಲ. ಅಮ್ಮ ಬೆಡ್ ಮೇಲೆ ಕೂತು ಉಪ್ಪಿಟ್ಟು ತಿಂದು "ಇನ್ನೊಂಚೂರು ಇದೆಯೇನೋ" ಅಂತ ಕೇಳುತ್ತಿದ್ದರು. ನಾನು ರಾತ್ರಿ ಹನ್ನೊಂದಕ್ಕೆ ಇದ್ದಬದ್ದ ವಾಟ್ಸಾಪ್ ಗ್ರೂಪಲ್ಲೆಲ್ಲ ಡೋನರ್ ಬೇಕು ಅಂತ ಅಂಗಲಾಚುತ್ತಿದ್ದೆ. ಗುರುತೇ ಇಲ್ಲದ ಹುಡುಗನೊಬ್ಬ ಕೆಂಗೇರಿಯಿಂದ ಬೈಕಲ್ಲಿ ನೆನೆದುಕೊಂಡು ಬಂದು, ಒಂದು ಗಂಟೆಗೂ ಜಾಸ್ತಿ ಮಷೀನ್ ಪಕ್ಕ ಮಲಗಿ ಕೊಟ್ಟು ಹೋದ.

ಮಾರನೇ ದಿನ 21 ಸಾವಿರ. "ಇನ್ನೊಂದು ಬ್ಯಾಗ್ ಹಾಕೋಣ" ಅಂದರು. ನಮ್ಮ ಬೀದಿಯ ಹಳೇ ಲ್ಯಾಬ್ ಟೆಕ್ನಿಷಿಯನ್‌ಗೆ ರಿಪೋರ್ಟ್ ಫೋಟೋ ಕಳಿಸಿದೆ. "ಕೆಳಗೆ ಸಣ್ಣಕ್ಷರದಲ್ಲಿ ಏನೋ ಇದೆಯಲ್ಲ, ಓದಿದ್ರಾ?" ಅಂದರು. ಓದಿರಲಿಲ್ಲ. ನಾನೂ ಓದಿರಲಿಲ್ಲ, ಡಾಕ್ಟರೂ ಓದಿರಲಿಲ್ಲ. 'ಪ್ಲೇಟ್ಲೆಟ್ ಕ್ಲಂಪ್ಸ್ ಸೀನ್.' ಅಂದರೆ, ಪ್ಲೇಟ್ಲೆಟ್ ಮುದ್ದೆಗಳು ಕಂಡಿವೆ ಅಂತ. ಮೊದಲ ದಿನದ ರಿಪೋರ್ಟಲ್ಲೇ ಇತ್ತು! ಕೈಕಾಲು ತಣ್ಣಗಾಯಿತು.

ಈ ಟೆಸ್ಟ್‌ಗೆ ರಕ್ತ ತೆಗೆಯೋ ನೇರಳೆ ಮುಚ್ಚಳದ ಟ್ಯೂಬಲ್ಲಿ ರಕ್ತ ಹೆಪ್ಪುಗಟ್ಟದೆ ಇರಲಿ ಅಂತ ಇಡಿಟಿಎ ಅನ್ನೋ ರಾಸಾಯನಿಕ ಹಾಕಿರುತ್ತಾರೆ. ಕೆಲವರ ಪ್ಲೇಟ್ಲೆಟ್‌ಗಳು ಅದರಲ್ಲಿ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಟ್ಯೂಬಲ್ಲಿ ಮಾತ್ರ, ಮೈಯಲ್ಲಿ ಅಲ್ಲ. ಮುದ್ದೆಯೊಳಗಿನದನ್ನು ಮಷೀನ್‌ಗೆ ಎಣಿಸೋಕೆ ಬರಲ್ಲ, ಅಷ್ಟೇ ಕಥೆ. ಇಡಿಟಿಎ ಬದಲು ಸಿಟ್ರೇಟ್ ಹಾಕಿರೋ ತಿಳಿನೀಲಿ ಮುಚ್ಚಳದ ಟ್ಯೂಬಲ್ಲಿ ಮತ್ತೆ ರಕ್ತ ತೆಗೆಸಿದೆವು. 2 ಲಕ್ಷ 40 ಸಾವಿರ!

ಕೇಳೋಕೆ ಹೋದರೆ ಲ್ಯಾಬಿನವರು "ಮಷೀನ್ ಕೊಟ್ಟಿದ್ದನ್ನೇ ಕೊಟ್ಟಿದ್ದೀವಿ ಸರ್, ಕೆಳಗೆ ಬರೆದಿದ್ದೀವಲ್ಲ" ಅಂದರು. ಡಾಕ್ಟರ್ "ಹಾಕಿದ್ದರಿಂದ ತೊಂದರೆ ಏನೂ ಆಗಿಲ್ವಲ್ಲ" ಅಂದರು. ಬ್ಯಾಗ್ ಹಾಕಿದ ರಾತ್ರಿ ಅಮ್ಮ ಚಳಿ ಹತ್ತಿ ಗಡಗಡ ನಡುಗಿದ್ದು ತೊಂದರೆ ಅಲ್ವಂತೆ. ಬಿಲ್ಲಿಂಗ್‌ನವರದು ಇನ್ನೂ ಚೆಂದ: "ಬ್ಯಾಗ್ ಯೂಸ್ ಆಗಿದೆಯಲ್ಲ ಸರ್." ನಾನು ದುಡ್ಡು ವಾಪಸ್ ಕೇಳಿಯೇ ಇರಲಿಲ್ಲ!

ಡೆಂಗ್ಯೂನಲ್ಲಿ ಪ್ಲೇಟ್ಲೆಟ್ ನಿಜವಾಗಿಯೂ ಇಳಿಯುತ್ತದೆ, ಇಲ್ಲ ಅನ್ನುತ್ತಿಲ್ಲ. ಆದರೆ ಮನುಷ್ಯ ಗಟ್ಟಿಯಾಗಿದ್ದು ನಂಬರ್ ಮಾತ್ರ ಪಾತಾಳದಲ್ಲಿದ್ದರೆ ಸ್ಲೈಡ್ ಮಾಡಿ ಮೈಕ್ರೋಸ್ಕೋಪಲ್ಲಿ ನೋಡಿದ್ರಾ ಅಂತ ಕೇಳಿ. ಮುಖ ಸಿಂಡರಿಸಿದರೂ ಕೇಳಿ. ಆ ಸಣ್ಣಕ್ಷರ ಓದಿ ಮಾರಾಯ್ರೇ.

ಆ ಹುಡುಗ ಮೊನ್ನೆ "ಅಮ್ಮ ಹೇಗಿದ್ದಾರೆ ಅಣ್ಣ" ಅಂತ ಮೆಸೇಜ್ ಮಾಡಿದ್ದ. ಚೆನ್ನಾಗಿದ್ದಾರೆ ಅಂದೆ. ಉಳಿದಿದ್ದನ್ನು ಹೇಳೋಕೆ ಬಾಯಿ ಬರಲಿಲ್ಲ.