ಪೆನ್ಸಿಲ್ ಸ್ಕೆಚ್‌ಗೆ ಕಟ್ಟು ಹಾಕಿಸಬೇಕಾ? ಹಾಸನದಲ್ಲೇ ಆಗುತ್ತದೆ

ಎನ್.ಆರ್. ಸರ್ಕಲ್ ಕಡೆಯ ಒಂದು ಹಳೇ ಫ್ರೇಮ್ ಅಂಗಡಿಗೆ ಧಾರಾಳವಾಗಿ ಐದು ಸ್ಟಾರ್ ಕೊಡುತ್ತೇನೆ. ದಿನವೂ ದೇವರ ಪಟ, ಮದುವೆ ಫೋಟೊಗೆ ಕಟ್ಟು ಹಾಕುವ ಅಂಗಡಿ ಅದು. ನಾನು ಒಯ್ದದ್ದು ಫಿನ್ಲೆಂಡಿನ ಚಿತ್ರ ಕಲಾವಿದೆ ಹೆಲೆನ್ ಶೆರ್ಫ್‌ಬೆಕ್ ಅವರ ಒಂದು ಸ್ಕೆಚ್‌ನ ಫೈಲ್. ನಿಂತಿರುವ ಹೆಂಗಸು, ಗಡಿಬಿಡಿಯಲ್ಲಿ ಎಳೆದ ಗೆರೆಗಳು, ಅಷ್ಟೇ. ಬೇಲೂರಿನ ಮದನಿಕೆಯರಿಗೆ ಬಳೆಯ ಕುಸುರಿಯವರೆಗೂ ಕೆತ್ತಿದ್ದಾರೆ, ಇಲ್ಲಿ ಕಣ್ಣು ಮೂಗೂ ಸರಿಯಾಗಿಲ್ಲ, ಆದರೂ ಮೈಭಾರ ಯಾವ ಕಾಲಿನ ಮೇಲಿದೆ ಅಂತ ನೋಡಿದ ಕೂಡಲೇ ತಿಳಿಯುತ್ತದೆ!

ಶೆರ್ಫ್‌ಬೆಕ್ ಹುಟ್ಟಿದ್ದು 1862ರಲ್ಲಿ, ಹೆಲ್ಸಿಂಕಿಯಲ್ಲಿ. ನಾಲ್ಕನೇ ವಯಸ್ಸಿಗೆ ಮೆಟ್ಟಿಲಿಂದ ಬಿದ್ದು ಸೊಂಟಕ್ಕೆ ಪೆಟ್ಟಾಯಿತು, ಜೀವನಪೂರ್ತಿ ಕುಂಟಿಕೊಂಡೇ ನಡೆದರು. ಹನ್ನೊಂದಕ್ಕೇ ಡ್ರಾಯಿಂಗ್ ಶಾಲೆ ಸೇರಿದವರು. ತೀರಿಕೊಂಡದ್ದು 1946ರಲ್ಲಿ. ಹಾಗಾಗಿ ಈಗ ಕಾಪಿರೈಟ್ ತೊಂದರೆ ಇಲ್ಲ. ಫಿನ್ನಿಶ್ ನ್ಯಾಷನಲ್ ಗ್ಯಾಲರಿ ಇಂಥ ಹಳೆಯ ಕೃತಿಗಳ ಫೈಲ್‌ಗಳನ್ನು ಪುಕ್ಕಟೆ ಡೌನ್‌ಲೋಡ್‌ಗೆ ಇಟ್ಟಿದೆ, ಎಂಥ ಒಳ್ಳೆ ಕೆಲಸ ಅಲ್ವಾ?

ಮೊದಲು ಬೇರೆ ಒಂದು ಕಡೆ ಪ್ರಿಂಟ್ ಕೊಟ್ಟಿದ್ದೆ. ಅಲ್ಲಿ ಕೇಳದೆಯೇ ಕಾಗದದ ಹಳದಿ ಬಣ್ಣ ತೆಗೆದು ಬೆಳ್ಳಗೆ ಮಾಡಿ, ಗೆರೆಗಳನ್ನು ಕಪ್ಪು ಮಾಡಿ, ಮೇಲೆ ಹೊಳೆಯುವ ಲ್ಯಾಮಿನೇಶನ್ ಬೇರೆ ಹಾಕಿದ್ದರು. ಜೀವವೇ ಹೋಗಿತ್ತು. ಪೆನ್ಸಿಲ್ ಒತ್ತಿದ ಕಡೆ ಗಾಢ, ಜಾರಿದ ಕಡೆ ತೆಳು, ಆ ವ್ಯತ್ಯಾಸದಲ್ಲೇ ಚಿತ್ರ ಇರುವುದು, ಅದನ್ನೇ ಅಳಿಸಿದರೆ ಇನ್ನೇನು ಉಳಿಯಿತು?

ಈ ಅಂಗಡಿಯ ಯಜಮಾನರು ಸುಮ್ನೆ ಸ್ವಲ್ಪ ಹೊತ್ತು ಚಿತ್ರ ನೋಡಿದರು. "ಇದಕ್ಕೆ ಗೋಲ್ಡನ್ ಪಟ್ಟಿ ಬೇಡ ಮೇಡಂ, ಚಿತ್ರ ಕಾಣಲ್ಲ" ಅಂದರು. ಮ್ಯಾಟ್ ಕಾಗದದಲ್ಲಿ ಫೈಲ್ ಇದ್ದ ಹಾಗೇ ಪ್ರಿಂಟ್ ತೆಗೆಸಿದರು. ಸುತ್ತ ಅಗಲವಾಗಿ ಕೆನೆ ಬಣ್ಣದ ಮೌಂಟ್ ಬೋರ್ಡ್ (ಚಿತ್ರಕ್ಕೂ ಪಟ್ಟಿಗೂ ನಡುವೆ ಕೂರಿಸುವ ದಪ್ಪ ರಟ್ಟು), ಸಣ್ಣ ಮರದ ಪಟ್ಟಿ. ಮೌಂಟ್ ಇದ್ದರೆ ಗಾಜು ಕಾಗದಕ್ಕೆ ಅಂಟುವುದಿಲ್ಲ. ಸಕಲೇಶಪುರ, ಮೂಡಿಗೆರೆ ಕಡೆಯವರು ಇದನ್ನು ಕೇಳಿಯೇ ಹಾಕಿಸಿ, ಮಳೆಗಾಲದ ಥಂಡಿಗೆ ಗಾಜಿನ ಒಳಗೆ ಬೂಷ್ಟು ಹಿಡಿಯುತ್ತದೆ. ಹಿಂದೆ ಟೇಪನ್ನೂ ಪೂರ್ತಿ ಸುತ್ತಿಸಿ.

ಖರ್ಚು ಮಾಮೂಲಿ ಫೋಟೊ ಕಟ್ಟಿಗಿಂತ ಜಾಸ್ತಿ, ಮದುವೆ ಸೀಸನ್‌ನಲ್ಲಿ ತಡವೂ ಆಗುತ್ತದೆ. ಫೈಲನ್ನು ಪೆನ್‌ಡ್ರೈವ್‌ನಲ್ಲೇ ಒಯ್ಯಿರಿ. ವಾಟ್ಸಾಪ್‌ನಲ್ಲಿ ಫೋಟೊ ಥರ ಕಳಿಸಿದರೆ ಸೈಜ್ ಇಳಿದು ತೆಳು ಗೆರೆಗಳು ಒಡೆದುಹೋಗುತ್ತವೆ.